'ಕಾಮಾ': ತುಂಡಿನಿಂದ ಚಿಹ್ನೆಗೆ

ಬರೆಹದಲ್ಲಿ ಪದ, ಪದಪುಂಜ ಹಾಗೂ ಉಪವಾಕ್ಯಗಳನ್ನು ಬೇರ್ಪಡಿಸುವ ಚಿಹ್ನೆಯನ್ನು ಇಂಗ್ಲಿಷಿನಲ್ಲಿ 'ಕಾಮಾ' ಎಂದೂ ಕನ್ನಡ ವ್ಯಾಕರಣಗಳಲ್ಲಿ 'ಅಲ್ಪವಿರಾಮ' ಎಂದೂ ಕರೆಯಲಾಗುತ್ತದೆ. ಚಿಹ್ನೆ ಒಂದೇ ಆದರೂ ಈ ಎರಡು ಹೆಸರುಗಳ ಹಿಂದಿರುವ ಗ್ರಹಿಕೆಗಳು ಬೇರೆಬೇರೆ.

'ಕಾಮಾ' ಗ್ರೀಕ್ ಮೂಲದ ಶಬ್ದ. ಕತ್ತರಿಸು ಎಂಬರ್ಥದ 'ಕೊಪ್ಟೈನ್' ಕ್ರಿಯಾಪದದಿಂದ ಬಂದ 'ಕೊಮ್ಮ' ಎಂದರೆ ಕತ್ತರಿಸಿದ ತುಂಡು. ಗ್ರೀಕ್ ಅಲಂಕಾರಶಾಸ್ತ್ರದಲ್ಲಿ ವಾಕ್ಯದ ಕಿರಿಯ ಘಟಕ 'ಕೊಮ್ಮ', ಅದಕ್ಕಿಂತ ಹಿರಿದು 'ಕೋಲೊನ್' ಅಂದರೆ ಅಂಗ, ಪೂರ್ಣವಾಕ್ಯ 'ಪೆರಿಯೊಡೊಸ್' ಅಂದರೆ ಸುತ್ತು. ಇವು ಮೂಲತಃ ಚಿಹ್ನೆಗಳ ಹೆಸರುಗಳಲ್ಲ, ವಾಕ್ಯಭಾಗಗಳ ಹೆಸರುಗಳು. ಅಲೆಕ್ಸಾಂಡ್ರಿಯದ ಗ್ರಂಥಾಲಯದ ವಿದ್ವಾಂಸ ಬೈಜಾಂಟಿಯಮ್ಮಿನ ಅರಿಸ್ಟೊಫೇನಸ್ ಕ್ರಿ.ಪೂ. 200ರ ಸುಮಾರಿಗೆ ಈ ಭಾಗಗಳ ಕೊನೆಯನ್ನು ಮೂರು ಎತ್ತರಗಳ ಚುಕ್ಕೆಗಳಿಂದ ಗುರುತಿಸುವ ಕ್ರಮವನ್ನು ರೂಪಿಸಿದನು. ಲ್ಯಾಟಿನ್ನಿನ ಮೂಲಕ ಶಬ್ದವು ಇಂಗ್ಲಿಷಿಗೆ ಬಂದು ನೆಲೆಗೊಳ್ಳುವಷ್ಟರಲ್ಲಿ ತುಂಡಿನ ಹೆಸರು ತುಂಡಿನ ಗಡಿಯನ್ನು ತೋರುವ ಗುರುತಿಗೆ ಸಂದಿತು. ಭಾರತೀಯ ಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಲಕ್ಷಣೆಯಿಂದಾದ ಅರ್ಥಪಲ್ಲಟ.

ಚಿಹ್ನೆಯ ಆಕಾರದ ಚರಿತ್ರೆ ಬೇರೆ. ಮಧ್ಯಯುಗದ ಹಸ್ತಪ್ರತಿಗಳಲ್ಲಿ ಬಳಕೆಯಾದ ಓರೆಗೆರೆಗೆ 'ವಿರ್ಗುಲ' ಅಂದರೆ ಸಣ್ಣ ಕೋಲು ಎಂಬ ಹೆಸರಿತ್ತು. ಫ್ರೆಂಚಿನಲ್ಲಿ ಇಂದಿಗೂ ಕಾಮಾದ ಹೆಸರು 'ವಿರ್ಗ್ಯೂಲ್'. 15ನೆಯ ಶತಮಾನದ ಕೊನೆಯಲ್ಲಿ ವೆನಿಸ್ಸಿನ ಮುದ್ರಕ ಆಲ್ಡಸ್ ಮನುಷಿಯಸನ ಪುಸ್ತಕಗಳಿಂದ ಇಂದಿನ ಬಾಗಿದ ರೂಪ ಪ್ರಚಾರಗೊಂಡಿತು.

ಶಬ್ದದ ಇತರ ಅರ್ಥಗಳಲ್ಲಿ ಹಳತು ಹೊಸತುಗಳೆರಡೂ ಉಳಿದಿವೆ. ಪಾಶ್ಚಾತ್ಯ ಸಂಗೀತಶಾಸ್ತ್ರದಲ್ಲಿ 'ಕಾಮಾ' ಎಂದರೆ ಅತಿಸೂಕ್ಷ್ಮ ಸ್ವರಾಂತರ. ಇಲ್ಲಿರುವುದು ತುಂಡಿನ ಅರ್ಥ. ಕಾಲರಾ ರೋಗಾಣುವನ್ನು 'ಕಾಮಾ ಬ್ಯಾಸಿಲಸ್' ಎಂದು ಕರೆದುದು ಅದರ ಬಾಗಿದ ಆಕಾರದಿಂದ. ಇಲ್ಲಿರುವುದು ಚಿಹ್ನೆಯ ಅರ್ಥ.

ಕನ್ನಡದ ಶಾಸನ ಹಾಗೂ ಓಲೆಗರಿಗಳಲ್ಲಿ ಕಾಮಾ ಇರಲಿಲ್ಲ, ಇದ್ದುದು ದಂಡ. 19ನೆಯ ಶತಮಾನದ ಮುದ್ರಣದೊಂದಿಗೆ ಕಾಮಾದ ಬಳಕೆ ಹರಡಿತು. 'ರಾಮನೂ ಭೀಮನೂ' ಎಂಬಲ್ಲಿ 'ಊ' ಪ್ರತ್ಯಯವೂ 'ಬಂದು ಉಂಡು ಮಲಗಿದನು' ಎಂಬಲ್ಲಿ ಕೃದಂತವೂ ಜೋಡಣೆಯ ಕೆಲಸವನ್ನು ತಾವೇ ನಿರ್ವಹಿಸುವುದರಿಂದ ಇಂತಹ ಕಡೆಗಳಲ್ಲಿ ಕನ್ನಡಕ್ಕೆ ಅದರ ಅಗತ್ಯವೂ ಕಡಿಮೆ. 'ಅಲ್ಪವಿರಾಮ' ಎಂಬ ಹೆಸರು ಉಸಿರಿನ ನಿಲುಗಡೆಯನ್ನು ಹೇಳುತ್ತದೆಯೇ ಹೊರತು ಬೇರ್ಪಟ್ಟ ಘಟಕವನ್ನಲ್ಲ. ಆದರೆ 'ರಾಮನು ನಗುತ್ತ ಬಂದ ಗೆಳೆಯನನ್ನು ಕರೆದನು' ಎಂಬ ವಾಕ್ಯದಲ್ಲಿ 'ರಾಮನು' ಪದದ ಮುಂದೆ ಕಾಮಾ ಬಂದರೆ ನಗುವವನು ಗೆಳೆಯ. 'ನಗುತ್ತ' ಪದದ ಮುಂದೆ ಬಂದರೆ ನಗುವವನು ರಾಮ. ಇಲ್ಲಿ ನಿರ್ಧಾರವಾಗುವುದು ಕೇವಲ ಉಸಿರಲ್ಲ, ಅನ್ವಯ.

ಗ್ರಂಥಸಂಪಾದನೆಯಲ್ಲಿ ಈ ಭೇದ ಮಹತ್ವದ್ದು. ಹಳಗನ್ನಡ ಕೃತಿಗಳ ಮುದ್ರಿತ ಪಾಠಗಳಲ್ಲಿ ಕಾಣುವ ಕಾಮಾಗಳು ಕವಿಯವಲ್ಲ, ಸಂಪಾದಕರವು. ಅಂತಹ ಒಂದೊಂದು ಕಾಮಾವೂ ವಾಕ್ಯವನ್ನು ಎಲ್ಲಿ ತುಂಡರಿಸಬೇಕೆಂಬ ನಿರ್ಣಯ. ಆದ್ದರಿಂದ ಅದನ್ನು ಪಾಠದ ಭಾಗವೆಂದು ಎಣಿಸದೆ ವ್ಯಾಖ್ಯಾನದ ಭಾಗವೆಂದೇ ಪರಿಶೀಲಿಸುವುದು ಉಚಿತ.