ಕೆರೆ ಏರಿ ದಾಟುವ ಗಾಡಿ ಯಾವುದು?

ನಮ್ಮ ಕಡೆ ಹೊಸ ಗಾಡಿ ಕೊಳ್ಳುವವರು ಮೈಲೇಜ್ ಎಷ್ಟು ಎಂದು ಕೇಳುತ್ತಾರೆ, ತಿಂಗಳ ಕಂತು ಎಷ್ಟು ಬೀಳುತ್ತದೆ ಎಂದು ಕೇಳುತ್ತಾರೆ, ಜೊತೆಗೆ ಹುಡುಗರಿದ್ದರೆ ಸನ್‌ರೂಫ್ ವಿಚಾರವೂ ಬರುತ್ತದೆ. ನನ್ನ ಹತ್ತಿರ ಸಲಹೆಗೆ ಬಂದವರಿಗೆ ನಾನು ಮೊದಲು ಕೇಳುವುದು ಬೇರೆ: ಸ್ವಾತಿ ಮಳೆ ಹಿಡಿದಾಗ ನಿಮ್ಮ ತೋಟದ ದಾರಿ ಹೇಗಿರುತ್ತದೆ? ಆ ದಾರಿಯಲ್ಲಿ ಕಾಯಿ ತುಂಬಿಕೊಂಡು ಹೊರಗೆ ಬರಬಲ್ಲ ಗಾಡಿಯೇ ಒಳ್ಳೆಯ ಗಾಡಿ. ಮಿಕ್ಕ ಮಾತೆಲ್ಲ ಆಮೇಲೆ.

ನಾನು ನೊಣವಿನಕೆರೆ ಸೀಮೆಯವನು. ತೆಂಗು ನನ್ನ ಜೀವನ, ಗಾಡಿ ನನ್ನ ಹುಚ್ಚು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಓಡಾಡುವ ಗಾಡಿಗಳನ್ನು ಓಡಿಸಿದ್ದೇನೆ, ಹತ್ತಿದ್ದೇನೆ, ಕೆಸರಿನಲ್ಲಿ ಹಿಂದಿನಿಂದ ತಳ್ಳಿದ್ದೇನೆ. ತಿಪಟೂರಿನ ಮೇಲೆ ಹಾಯುವ ಬಿ.ಎಚ್. ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 73. ಹುಳಿಯಾರು, ಚಿಕ್ಕನಾಯಕನಹಳ್ಳಿ ಕಡೆಯಿಂದ ಬಂದು ತುರುವೇಕೆರೆಗೆ ಹೋಗುವುದು 150ಎ. ಎರಡೂ ಕೂಡುವುದು ಕೆ.ಬಿ. ಕ್ರಾಸಿನಲ್ಲಿ. ಅಲ್ಲಿ ಟೀ ಅಂಗಡಿ ಮುಂದೆ ಅರ್ಧ ಗಂಟೆ ನಿಂತರೆ ಸಾಕು, ಯಾವ ಗಾಡಿ ಮೇಲು ಎಂಬ ವಾದ ಎಲ್ಲಾದರೂ ಒಂದು ಕಡೆ ನಡೆಯುತ್ತಿರುತ್ತದೆ. ಆದರೆ ಹೆದ್ದಾರಿಯ ಮೇಲೆ ಎಲ್ಲ ಗಾಡಿಯೂ ಓಡುತ್ತದೆ. ತಾರತಮ್ಯ ಗೊತ್ತಾಗುವುದು ಡಾಂಬರು ಬಿಟ್ಟ ಮೇಲೆ.

ಡಾಂಬರು ಬಿಟ್ಟರೆ ನಮ್ಮಲ್ಲಿ ಎರಡು ಥರದ ನೆಲ. ಮೇಲ್ಗಡೆಯ ಕೆಮ್ಮಣ್ಣಿನ ದಾರಿ ಮಳೆ ನಿಂತ ಸ್ವಲ್ಪ ಹೊತ್ತಿಗೆ ನೀರು ಕುಡಿದು ಗಟ್ಟಿಯಾಗುತ್ತದೆ. ಕೆರೆ ಕೆಳಗಿನ ಎರೆಮಣ್ಣು ಹಾಗಲ್ಲ. ಟೈರಿನ ಬಟನ್‌ಗಳ ಸಂದಿಗೆಲ್ಲ ಮೆತ್ತಿಕೊಂಡು ಹೊಸ ಟೈರನ್ನೂ ಬೋಳು ಟೈರಿನಂತೆ ಮಾಡಿಬಿಡುತ್ತದೆ. ಹೇಮಾವತಿ ನೀರು ಕೆರೆಗೆ ಹರಿದ ವರ್ಷ ಕೆಳಗಿನ ತೋಟದ ದಾರಿ ಬೇಸಿಗೆಯಲ್ಲೂ ಜೌಗು.

ಈ ನೆಲಕ್ಕೆ ನನ್ನ ಪ್ರಕಾರ ಮೊದಲ ಮರ್ಯಾದೆ ಸಲ್ಲಬೇಕಾದದ್ದು ಯಾವ ಜೀಪಿಗೂ ಅಲ್ಲ, ಟಿವಿಎಸ್ ಎಕ್ಸ್‌ಎಲ್‌ಗೆ. 1972ರಲ್ಲಿ ಲೂನಾ ಬಂದಿತ್ತು. 1980ರಲ್ಲಿ ಇಬ್ಬರು ಕೂರಬಹುದಾದ ಟಿವಿಎಸ್ 50 ಬಂತು. ಅದರ ವಂಶದ್ದೇ ಈ ಎಕ್ಸ್‌ಎಲ್. 2015ರಲ್ಲಿ ಬಂದ ಎಕ್ಸ್‌ಎಲ್ 100ಕ್ಕೆ 99.7 ಸಿ.ಸಿ.ಯ ನಾಲ್ಕು ಸ್ಟ್ರೋಕಿನ ಎಂಜಿನ್ ಕೊಟ್ಟರು. ಪೆಟ್ರೋಲಿಗೆ ಆಯಿಲ್ ಬೆರೆಸುವ ರಗಳೆ ಅಲ್ಲಿಗೆ ತಪ್ಪಿತು. ಶಕ್ತಿ ನಾಲ್ಕು ಹಾರ್ಸ್ ಪವರಿಗಿಂತ ಚೂರು ಹೆಚ್ಚು, ಗಾಡಿಯ ತೂಕ 90 ಕಿಲೋ ಆಸುಪಾಸು. ಕಾಗದದ ಮೇಲೆ ಇದು ಏನೂ ಅಲ್ಲ.

ತೋಟದಲ್ಲಿ ನೋಡಬೇಕು ಅದರ ಕೆಲಸ. ಸೀಟಿನ ಮುಂದೆ ಚಪ್ಪಟೆ ಜಾಗ ಇದೆಯಲ್ಲ, ಅಲ್ಲಿ ಒಂದು ಚೀಲ ನಿಲ್ಲುತ್ತದೆ. ಹಿಂದಿನ ಸೀಟು ಬಿಚ್ಚಿದರೆ ಕ್ಯಾರಿಯರ್ ಮೇಲೆ ಅಡ್ಡಲಾಗಿ ಇನ್ನೊಂದು. ಹಳೇ ಟ್ಯೂಬು ಸೀಳಿದ ಪಟ್ಟಿಯಿಂದ ಎರಡು ಸುತ್ತು ಬಿಗಿದರೆ ಮುಗಿಯಿತು. ಎಳನೀರಾದರೆ ಗೊನೆಗಳು ಎರಡೂ ಪಕ್ಕಕ್ಕೆ ಜೋತು ಬೀಳುತ್ತವೆ. ಸಿಪ್ಪೆ ಸಮೇತದ ಒಂದು ಕಾಯಿ ಒಂದು ಕಿಲೋ ತೂಗುತ್ತದೆ ಎಂದುಕೊಳ್ಳಿ. ಎರಡು ಚೀಲ ಹೇರಿದರೆ ಗಾಡಿಯ ತೂಕಕ್ಕೆ ಸಮನಾದ ಹೊರೆ ಅದರ ಮೇಲಿರುತ್ತದೆ. ಗೇರಿಲ್ಲ, ಎಕ್ಸಿಲರೇಟರ್ ತಿರುಗಿಸಿದಷ್ಟು ಕ್ಲಚ್ ತಾನೇ ಹಿಡಿಯುತ್ತದೆ. ಹಾಗಾಗಿ ಕೆಸರು ಬಂದಾಗ ಇಳಿದು, ಹ್ಯಾಂಡಲ್ ಹಿಡಿದು, ಮೆಲ್ಲಗೆ ಎಕ್ಸಿಲರೇಟರ್ ಕೊಡುತ್ತಾ ಪಕ್ಕದಲ್ಲೇ ನಡೆದುಕೊಂಡು ಬರಬಹುದು. ಹೊರೆಯನ್ನು ಎಂಜಿನ್ ಎಳೆಯುತ್ತದೆ, ಬ್ಯಾಲೆನ್ಸು ನಿಮ್ಮದು. ಯಾವ ಬೈಕಿನಲ್ಲೂ ಇದು ಇಷ್ಟು ಸುಲಭವಲ್ಲ. ಡೈರಿಗೆ ಹಾಲಿನ ಕ್ಯಾನು, ಸೊಸೈಟಿಯಿಂದ ರೇಷನ್ನು, ಸಂತೆಯಿಂದ ಹಿಂಡಿ ಮೂಟೆ ಎಲ್ಲ ಇದರ ಮೇಲೇ. ನಮ್ಮ ಅತ್ತಿಗೆ ಜೀವನದಲ್ಲಿ ಓಡಿಸಿದ್ದು ಇದೊಂದೇ ಗಾಡಿ. ಅದನ್ನು ಓಡಿಸಲು ಅವರು ಯಾರನ್ನೂ ಕಾಯಬೇಕಾಗಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು: ಇಳಿಜಾರಿನಲ್ಲಿ ಆ ಹೊರೆಯನ್ನು ತಡೆಯಬೇಕಾದದ್ದು ಎರಡು ಸಣ್ಣ ಡ್ರಮ್ ಬ್ರೇಕುಗಳು. ಹೆದ್ದಾರಿಗೆ ಹೇರಿಕೊಂಡು ಬರುವವರು ಹೆಲ್ಮೆಟ್ ಇಲ್ಲದೆ ಬರಬಾರದು.

ಕಾರುಗಳ ವಿಷಯಕ್ಕೆ ಬಂದರೆ, ಯಾವ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುತ್ತದೆ ಎಂಬುದನ್ನು ಎಲ್ಲರೂ ತಿಳಿದುಕೊಳ್ಳಬೇಕು. ಮಾರುತಿ 800ರಲ್ಲಿ ಬಲ ಹೋಗುವುದು ಮುಂದಿನ ಚಕ್ರಕ್ಕೆ. ಡಿಕ್ಕಿಗೆ ಕಾಯಿ ಚೀಲ ತುಂಬಿ ದಿಬ್ಬ ಹತ್ತಿಸಿದರೆ ಭಾರ ಹಿಂದಕ್ಕೆ ಬಿದ್ದು ಮುಂದಿನ ಚಕ್ರ ನೆಲ ಕಚ್ಚುವುದಿಲ್ಲ, ಸುಮ್ಮನೆ ತಿರುಗುತ್ತದೆ. ತಿಳಿದವರು ಅಂಥ ದಿಬ್ಬವನ್ನು ರಿವರ್ಸಿನಲ್ಲಿ ಹತ್ತಿಸುತ್ತಾರೆ. ಓಮ್ನಿಗೂ ಅದೇ 796 ಸಿ.ಸಿ. ಎಂಜಿನ್, ಆದರೆ ಬಲ ಹಿಂದಿನ ಚಕ್ರಕ್ಕೆ. ತುಂಬಿದಷ್ಟೂ ಹಿಂದಿನ ಚಕ್ರ ಊರಿಕೊಳ್ಳುತ್ತದೆ. 1984ರಿಂದ 2019ರವರೆಗೆ ಬಂದ ಆ ಡಬ್ಬಿ ಗಾಡಿ ಕೊಬ್ಬರಿಯನ್ನೂ ಸಾಗಿಸಿತು, ಮದುವೆ ದಿಬ್ಬಣವನ್ನೂ ಸಾಗಿಸಿತು. ಡ್ರೈವರ್ ಸೀಟಿನ ಕೆಳಗೇ ಎಂಜಿನ್ ಇರುವುದರಿಂದ ಬೇಸಿಗೆಯಲ್ಲಿ ತೊಡೆ ಕಾಯುತ್ತದೆ, ಮುಂದೆ ಗುದ್ದಿದರೆ ಕಾಪಾಡಲು ಏನೂ ಇಲ್ಲ. ಇವೆರಡೂ ನಿಜ. ಆದರೂ ಸಂತೆಬೀದಿಯಲ್ಲಿ ಅದರ ಜಾರು ಬಾಗಿಲಿನ ಅನುಕೂಲವನ್ನು ಮೀರಿಸಿದ್ದು ನಾನು ಕಂಡಿಲ್ಲ.

2005ರಲ್ಲಿ ಬಂದ ಟಾಟಾ ಏಸ್ ಓಮ್ನಿಯ ಸಾಮಾನು ಹೊರುವ ಕೆಲಸವನ್ನು ಕಿತ್ತುಕೊಂಡಿತು. 702 ಸಿ.ಸಿ.ಯ ಎರಡು ಸಿಲಿಂಡರ್ ಡೀಸೆಲ್ ಎಂಜಿನ್, ಮುಕ್ಕಾಲು ಟನ್ ಹೊರೆ. ಮೂವತ್ತು ಅಡಿ ಅಂತರದಲ್ಲಿ ಮರ ಇರುವ ತೋಟದೊಳಗೆ ದೊಡ್ಡ ಪಿಕಪ್ ಹಿಂದೆ ಮುಂದೆ ಆಡುವ ಕಡೆ ಇದು ಚಿಕ್ಕದಾಗಿ ತಿರುಗಿಕೊಳ್ಳುತ್ತದೆ. ಒಣ ನೆಲದಲ್ಲಿ ಮಾತ್ರ. ಅದರ ಸಣ್ಣ ಚಕ್ರಕ್ಕೆ ಜೌಗು ಆಗಿಬರುವುದಿಲ್ಲ.

ಇನ್ನು ಜೀಪು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಹೀಂದ್ರದವರು ವಿಲ್ಲಿಸ್ ಜೀಪನ್ನು ಇಲ್ಲಿ ಜೋಡಿಸತೊಡಗಿದರು. ಅದರಿಂದ ಕಮಾಂಡರ್, ಮಾರ್ಷಲ್, 2000ದಲ್ಲಿ ಬೊಲೆರೊ. ನಮ್ಮ ದೊಡ್ಡಪ್ಪನ ಕಾಲದ ಜೀಪಿನಲ್ಲಿ ಗೇರ್ ಲಿವರಿನ ಪಕ್ಕ ಇನ್ನೂ ಎರಡು ಲಿವರ್ ಇದ್ದವು. ಒಂದು ಮುಂದಿನ ಚಕ್ರಗಳಿಗೂ ಬಲ ಕೊಡಲು. ಇನ್ನೊಂದು 'ಲೋ' ಹಾಕಲು. ಲೋ ಹಾಕಿದರೆ ಎಂಜಿನ್ ಅದೇ ಓಟ ಓಡಿದರೂ ಚಕ್ರ ಸುಮಾರು ಎರಡೂವರೆ ಪಟ್ಟು ನಿಧಾನ, ಎಳೆತ ಅಷ್ಟೇ ಪಟ್ಟು ಜಾಸ್ತಿ. ಕೆಸರಿನಲ್ಲಿ ಬೇಕಾದದ್ದು ಈ ನಿಧಾನ. ಜೋರಾಗಿ ತುಳಿದವನ ಚಕ್ರ ಗುಂಡಿ ತೋಡಿಕೊಳ್ಳುತ್ತದೆ. ಮೆಲ್ಲಗೆ ಬಿಟ್ಟವನು ದಾಟುತ್ತಾನೆ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಈಗ ಎತ್ತರದ ಗಾಡಿಯೆಲ್ಲ ಕಾಡುಮೇಡು ಹತ್ತುವ ಗಾಡಿ ಎಂಬ ನಂಬಿಕೆ ಬಲವಾಗಿದೆ. 2020ರಲ್ಲಿ ಬಂದ ಹೊಸ ಥಾರ್ ನಿಜಕ್ಕೂ ಗಟ್ಟಿಗ. ನೆಲದಿಂದ 226 ಮಿಲಿಮೀಟರ್ ಎತ್ತರ, ಲೋ ಗೇರ್, ನಾಲ್ಕೂ ಚಕ್ರಕ್ಕೆ ಬಲ. ಆದರೆ 2023ರಿಂದ ಅದೇ ಥಾರ್ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ ಇರುವ ಮಾದರಿಯಲ್ಲೂ ಬರುತ್ತಿದೆ. ಹೊರಗಿನಿಂದ ನೋಡಿದರೆ ಎರಡಕ್ಕೂ ಹೆಚ್ಚು ವ್ಯತ್ಯಾಸ ಕಾಣದು. ಪೇಟೆಯಲ್ಲಿ ಓಡಾಡಲು ಅಗ್ಗದ ಮಾದರಿ ಸಾಕು, ಅದರಲ್ಲಿ ತಪ್ಪಿಲ್ಲ. ಕೆರೆ ಅಂಗಳಕ್ಕೆ ಇಳಿಸುವ ಮುಂಚೆ ನಿಮ್ಮದು ಯಾವುದು ಎಂದು ಗೊತ್ತಿರಲಿ. ಅದೇ ವರ್ಷ ಬಂದ ಜಿಮ್ನಿ ನನಗೆ ಇನ್ನೂ ಇಷ್ಟ. ತೂಕ 1,200 ಕಿಲೋ ಆಸುಪಾಸು, ನಾಲ್ಕು ಚಕ್ರದ ಬಲ ಎಲ್ಲ ಮಾದರಿಯಲ್ಲೂ ಇದೆ. ಎರೆಮಣ್ಣಿನಲ್ಲಿ ಹಗುರ ಗಾಡಿ ಹೂಳುವುದು ಕಡಿಮೆ. ಹಿಂದಿನ ಜಿಪ್ಸಿಯನ್ನು ಸೈನ್ಯದವರು ಅಷ್ಟು ವರ್ಷ ಇಟ್ಟುಕೊಂಡಿದ್ದಕ್ಕೂ ಈ ಹಗುರತನ ಒಂದು ಕಾರಣ ಎಂದು ನಾನು ನಂಬಿದ್ದೇನೆ. ಮದಲಿಂಗನ ಕಣಿವೆ ಸುತ್ತಿನ ಕಲ್ಲುದಾರಿಗೆ ನನ್ನನ್ನು ಕೇಳಿದರೆ ಜಿಮ್ನಿ.

ಬೊಲೆರೊ ಇಷ್ಟು ಜನಪ್ರಿಯವಾದದ್ದು ಮಾತ್ರ ರಿಪೇರಿಯ ಬಲದಿಂದ. ಹಿಂದೆ ಕಮಾನ್ ಪ್ಲೇಟು, ಕೆಳಗೆ ಲಾರಿಯಂಥ ಚಾಸಿ. ಪ್ಲೇಟು ಮುರಿದರೆ ಹುಳಿಯಾರಿನಲ್ಲೂ ಸಿಗುತ್ತದೆ, ಮಾಯಸಂದ್ರದಲ್ಲೂ ಹಾಕುತ್ತಾರೆ. ನಮ್ಮ ಮೆಕ್ಯಾನಿಕ್ ಸಾಬರು ಹೇಳುವ ಮಾತು ಸರಿಯಾಗಿದೆ: "ಗಾಡಿ ಯಾವ್ದಾದ್ರೂ ತಗಳಿ ಅಣ್ಣ, ಸಾಮಾನು ಸಂಜೆಯೊಳಗೆ ಸಿಗಂಗಿರ್ಬೇಕು." ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಅದಿರು ಲಾರಿಗಳು ಓಡಾಡಿ ರಸ್ತೆಗಳು ಹಾಳಾಗಿದ್ದ ದಿನಗಳಲ್ಲಿ, ಅಂದರೆ 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವ ಮುಂಚೆ, ಈ ಮಾತಿನ ಬೆಲೆ ಅಲ್ಲಿನವರಿಗೆಲ್ಲ ಗೊತ್ತಾಗಿತ್ತು.

ಒಂದು ಮಳೆಗಾಲದಲ್ಲಿ ನಮ್ಮ ಕೆರೆ ಏರಿಯ ಕೆಳಗೆ ಎತ್ತರದ, ಹೊಸ, ದುಬಾರಿ ಗಾಡಿಯೊಂದು ಸಿಕ್ಕಿಕೊಂಡಿತು. ಒಂದು ಚಕ್ರ ಎರೆಮಣ್ಣಿನಲ್ಲಿ ಗಿರಗಿರ ತಿರುಗುತ್ತಿತ್ತು, ಅದರ ಜೋಡಿ ಚಕ್ರ ಗಟ್ಟಿ ನೆಲದ ಮೇಲೆ ಸುಮ್ಮನೆ ನಿಂತಿತ್ತು. ಡಿಫರೆನ್ಷಿಯಲ್‌ನ ಗುಣವೇ ಅದು. ಜಾರುವ ಚಕ್ರದ ಕಡೆಗೇ ತಿರುಗಾಟ ಹರಿದುಹೋಗುತ್ತದೆ. ಟ್ರ್ಯಾಕ್ಟರಿನಲ್ಲಿ ಇದನ್ನು ತಡೆಯಲು ಒಂದು ಪೆಡಲ್ ಇರುತ್ತದೆ, ತುಳಿದರೆ ಎರಡೂ ಚಕ್ರ ಒಟ್ಟಿಗೆ ತಿರುಗುತ್ತವೆ. ಅವತ್ತು ಟ್ರ್ಯಾಕ್ಟರ್ ಹತ್ತಿರದಲ್ಲಿರಲಿಲ್ಲ. ಪಕ್ಕದ ತೋಟದ ಯಜಮಾನರು ಕಬ್ಬಿಣದ ಚಕ್ರ ಹಾಕಿದ್ದ ಪವರ್ ಟಿಲ್ಲರ್ ತಂದರು. ಹಗ್ಗ ಕಟ್ಟಿ, ನಾವು ನಾಲ್ಕೈದು ಜನ ಹಿಂದಿನಿಂದ ಕೈಕೊಟ್ಟು ಎಳೆಸಿದೆವು.

ಟಿಲ್ಲರನ್ನು ಗಾಡಿಗಳ ಲೆಕ್ಕಕ್ಕೆ ಯಾರೂ ಸೇರಿಸುವುದಿಲ್ಲ. ನಾನು ಸೇರಿಸುತ್ತೇನೆ. ಬೆಂಗಳೂರಿನ ವಿ.ಎಸ್.ಟಿ. ಕಂಪನಿ 1967ರಲ್ಲಿ ಶುರುವಾಗಿ ಜಪಾನಿನ ಮಿತ್ಸುಬಿಷಿ ನೆರವಿನಿಂದ ಇವನ್ನು ಮಾಡತೊಡಗಿತು. ತೆಂಗಿನ ಬೇರು ಮೇಲ್ಮಣ್ಣಿನಲ್ಲೇ ಹರಡುವುದರಿಂದ ದೊಡ್ಡ ಟ್ರ್ಯಾಕ್ಟರಿನ ಆಳ ಉಳುಮೆಗಿಂತ ಟಿಲ್ಲರಿನ ಮೇಲುಮೇಲಿನ ಉಳುಮೆ ವಾಸಿ. ಕೆಲಸ ಮುಗಿದ ಮೇಲೆ ಟ್ರೈಲರ್ ಸಿಕ್ಕಿಸಿದರೆ ಅದೇ ಸಾಗಣೆ ಗಾಡಿ. ಬೇಸಿಗೆಯಲ್ಲಿ ಕೆರೆ ಗೋಡು ಹೊಡೆಯಲೂ ಅದೇ.

ಅದನ್ನು ಓಡಿಸುವ ವಿದ್ಯೆಯೇ ಬೇರೆ. ಸ್ಟೀರಿಂಗ್ ಚಕ್ರವಿಲ್ಲ, ಉದ್ದನೆಯ ಎರಡು ಹಿಡಿ, ಪ್ರತಿ ಹಿಡಿಯ ಕೆಳಗೆ ಒಂದು ಲಿವರ್. ಎಡಗಡೆಯದು ಅದುಮಿದರೆ ಎಡ ಚಕ್ರಕ್ಕೆ ಬಲ ತಪ್ಪುತ್ತದೆ, ಬಲ ಚಕ್ರ ಮುಂದೆ ಹೋಗುತ್ತದೆ, ಗಾಡಿ ಎಡಕ್ಕೆ ತಿರುಗುತ್ತದೆ. ಸಮನೆಲದಲ್ಲಿ ಹೀಗೆ. ಕೆರೆ ಏರಿ ಇಳಿಯುವಾಗ ಎಲ್ಲ ಉಲ್ಟಾ. ಹಿಂದಿನ ಹೊರೆ ನೂಕುತ್ತಿರುತ್ತದೆ, ಎಂಜಿನ್ ಚಕ್ರಗಳನ್ನು ಹಿಡಿದು ನಿಲ್ಲಿಸಿರುತ್ತದೆ. ಆಗ ಎಡದ ಲಿವರ್ ಅದುಮಿದರೆ ಎಡ ಚಕ್ರದ ಹಿಡಿತ ಬಿಟ್ಟು ಅದು ಓಡಿಹೋಗುತ್ತದೆ, ಗಾಡಿ ಬಲಕ್ಕೆ ತಿರುಗುತ್ತದೆ. "ಇಳಿಜಾರಲ್ಲಿ ಎಡಕ್ಕೆ ಹೋಗ್ಬೇಕಂದ್ರೆ ಬಲಗಡೇದು ಹಿಡಿ ಕಣೋ" ಎಂದು ನನಗೆ ಹೇಳಿಕೊಟ್ಟವರು ನಮ್ಮ ಚಿಕ್ಕಪ್ಪ. ಇದು ಗೊತ್ತಿಲ್ಲದ ಹುಡುಗನ ಕೈಗೆ ಏರಿ ಮೇಲೆ ಟಿಲ್ಲರ್ ಕೊಡಲೇಬೇಡಿ. ಗೊತ್ತಿದ್ದವನ ಕೈಯಲ್ಲಿ ಅದಕ್ಕೆ ಹೋಗಲಾಗದ ತೋಟ ನಮ್ಮಲ್ಲಿಲ್ಲ.

ವಿಚಿತ್ರ ಗಾಡಿಗಳ ಮಾತು ಬಂದಾಗ ಎಲ್ಲರೂ ವಿದೇಶದ್ದನ್ನೇ ನೆನೆಯುತ್ತಾರೆ. ನಮ್ಮ ಬೆಂಗಳೂರಿನಲ್ಲೇ ಎಂಥೆಂಥವು ಹುಟ್ಟಿದವು! ಎಪ್ಪತ್ತರ ದಶಕದಲ್ಲಿ ಬಾದಲ್ ಎಂಬ ಮೂರು ಚಕ್ರದ ಫೈಬರ್ ಕಾರು. ಅದನ್ನು ಮಾಡಿದ ಸಿಪಾನಿ ಕಂಪನಿಯವರೇ 1982ರಲ್ಲಿ ತಂದದ್ದು ಡಾಲ್ಫಿನ್. ಬ್ರಿಟನ್ನಿನ ರಿಲಯಂಟ್ ಕಿಟನ್ ಮಾದರಿ, 848 ಸಿ.ಸಿ. ಎಂಜಿನ್, ಎರಡೇ ಬಾಗಿಲು, ತುಕ್ಕು ಹಿಡಿಯದ ಫೈಬರ್ ಮೈ. ಮರುವರ್ಷ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಡಾಲ್ಫಿನ್ ಅದರ ಮುಂದೆ ನಿಲ್ಲಲಾಗಲಿಲ್ಲ. 2001ರಲ್ಲಿ ರೇವಾ. ಇಡೀ ದೇಶ ವಿದ್ಯುತ್ ಕಾರನ್ನು ಕನಸಿನಲ್ಲೂ ಎಣಿಸದಿದ್ದಾಗ ಬೆಂಗಳೂರಿನ ರಸ್ತೆಗಿಳಿದು, ಲಂಡನ್ನಿಗೂ ಹೋಗಿ ಬಂದ ಪುಟ್ಟ ಕಾರು. ಒಂದು ಚಾರ್ಜಿಗೆ ಸುಮಾರು 80 ಕಿಲೋಮೀಟರ್. ಬೆಂಗಳೂರಿನಿಂದ ತುಮಕೂರು ಮುಟ್ಟಬಹುದಿತ್ತು, ತಿಪಟೂರು ಆಗುತ್ತಿರಲಿಲ್ಲ. ಈ ಗಾಡಿಗಳನ್ನು ನಾನು ಅಭಿಮಾನದಿಂದ ನೆನೆಯುತ್ತೇನೆ. ಯಾರ ಮನೆಯ ಕೊಟ್ಟಿಗೆಯಲ್ಲಾದರೂ ಡಾಲ್ಫಿನ್ ಒಂದು ಉಳಿದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ.

ಇನ್ನು ಗಾಡಿ ಕೊಳ್ಳುವ ದುಡ್ಡಿನ ಮಾತು. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಅಷ್ಟೂ ಸಿಗದೆ ರೈತರು ಬೀದಿಗಿಳಿದಿದ್ದರು. 2025ರಲ್ಲಿ ಅದೇ ಮಾರುಕಟ್ಟೆ 20 ಸಾವಿರ ದಾಟಿತು. ಬೆಲೆ ಏರಿದಾಗ ಊರಿಗೆ ಹೊಸ ಗಾಡಿ ಬರುವುದು ಸಹಜ, ಬರಲಿ. ಆದರೆ ಕಪ್ಪುತಲೆ ಹುಳು, ಬಿಳಿನೊಣದಿಂದ ಮರಗಳು ಸೊರಗಿ ಕಾಯಿ ಕಡಿಮೆಯಾದದ್ದೂ ಆ ಬೆಲೆಗೆ ಒಂದು ಕಾರಣ. ಕಂತು ಐದು ವರ್ಷದ್ದು, ಈ ರೇಟಿಗೆ ಐದು ವರ್ಷದ ಭರವಸೆ ಯಾರೂ ಕೊಟ್ಟಿಲ್ಲ.

ನಾಲ್ಕೈದು ಎಕರೆ ತೋಟದವರಿಗೆ ನಾನು ಹೇಳುವುದಿಷ್ಟು: ಮೊದಲು ಒಂದು ಎಕ್ಸ್‌ಎಲ್, ಆಮೇಲೆ ಟ್ರೈಲರ್ ಸಮೇತ ಟಿಲ್ಲರ್, ಇವೆರಡೂ ಆದ ಮೇಲೆ ಮನೆಮಂದಿಗೆ ಇಷ್ಟವಾದ ಕಾರು. ಕಾರು ಕೊಳ್ಳುವಾಗ ಟೆಸ್ಟ್ ಡ್ರೈವ್ ಅನ್ನು ಬಿ.ಎಚ್. ರಸ್ತೆಯಲ್ಲೇ ಮುಗಿಸಬೇಡಿ. ಮಳೆ ಬಂದ ಮಾರನೆಯ ದಿನ ನಾಲ್ಕು ಜನರನ್ನು ಕೂರಿಸಿಕೊಂಡು ನಿಮ್ಮ ಕೆರೆ ಏರಿ ಮೇಲೆ ಓಡಿಸಿ ತೋರಿಸಿ ಎಂದು ಶೋರೂಮಿನವರನ್ನು ಕೇಳಿ. ಒಪ್ಪಿ ಬಂದವರ ಹತ್ತಿರ ತೆಗೆದುಕೊಳ್ಳಿ.