ಆಶ್ಲೇಷ ಮಳೆಯ ಬಿಸಿಲು

ನಮ್ಮೂರು ಜವನಗೊಂಡನಹಳ್ಳಿಯಲ್ಲಿ ಸೂರ್ಯ ನೇರ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡು ಸಲ. ಮೊದಲನೆಯದು ಏಪ್ರಿಲ್ ಕೊನೆಗೆ, ಭರಣಿ ಮಳೆ ಹುಟ್ಟುವ ಹೊತ್ತಿಗೆ. ಆಗ ಯಾರಿಗೂ ಬುದ್ಧಿ ಹೇಳಬೇಕಿಲ್ಲ, ಹನ್ನೊಂದಕ್ಕೆಲ್ಲ ಜನ ನೆರಳು ಸೇರಿರುತ್ತಾರೆ. ಎರಡನೆಯದು ಆಗಸ್ಟ್ ನಡುವಿಗೆ, ಆಶ್ಲೇಷ ಮುಗಿದು ಮಘಾ ಹಿಡಿಯುವಾಗ. ಶೇಂಗಾ ಹೊಲದಲ್ಲಿ ಕಳೆ ತೆಗೆಯುವ ಕಾಲ ಅದು. ಮೋಡ ಓಡಾಡುತ್ತಿರುತ್ತದೆ, ಗಾಳಿ ಜೋರಾಗಿರುತ್ತದೆ, ಮೈ ಸುಡುವುದಿಲ್ಲ. ತಲೆಮೇಲಿನ ಸೆರಗು ಜಾರಿದರೆ ಮತ್ತೆ ಎಳೆದುಕೊಳ್ಳಬೇಕೆನಿಸುವುದೂ ಇಲ್ಲ. ನನಗೆ ಹೆಚ್ಚು ಭಯ ಈ ಎರಡನೆಯ ಬಿಸಿಲಿನದು.

ಮೈಗೆ ಬಿಸಿ ತಾಗಿಸುವ ಕಿರಣವೇ ಬೇರೆ, ಚರ್ಮ ಕೆಡಿಸುವ ಕಿರಣವೇ ಬೇರೆ. ನೇರಳಾತೀತ ಕಿರಣ ಕಣ್ಣಿಗೆ ಕಾಣದು, ತಾಗಿದ್ದೂ ತಿಳಿಯದು. ತೆಳುಮೋಡವಿದ್ದರೆ ಅದರ ಶೇ 80ರವರೆಗೂ ನೆಲ ಮುಟ್ಟಬಲ್ಲದು. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದೆಯೇ ನೋಡಿಕೊಳ್ಳಿ. ಗಿಡ್ಡವಾಗಿದ್ದರೆ, ಎಷ್ಟೇ ತಂಪಿರಲಿ, ಆ ಕಿರಣ ಜೋರಾಗಿದೆ.

ನೆಲ ಮುಟ್ಟುವ ನೇರಳಾತೀತದಲ್ಲಿ ಎರಡು ಬಗೆ. 280ರಿಂದ 315 ನ್ಯಾನೋಮೀಟರಿನ ಯುವಿ-ಬಿ ಚರ್ಮದ ಮೇಲ್ಪದರದ ಜೀವಕೋಶಗಳಲ್ಲಿ ಡಿಎನ್‌ಎಯ ಅಕ್ಕಪಕ್ಕದ ಥೈಮಿನ್‌ಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಕೋಶ ಅದನ್ನು ಸರಿಪಡಿಸಿಕೊಳ್ಳುತ್ತದೆ, ಆದರೆ ಪ್ರತಿ ಸಲವೂ ತಪ್ಪಿಲ್ಲದೆ ಅಲ್ಲ. 400 ನ್ಯಾನೋಮೀಟರಿನವರೆಗಿನ ಯುವಿ-ಎ ಇನ್ನೂ ಆಳಕ್ಕಿಳಿದು ಚರ್ಮದ ಬಿಗಿ ಕಾಯುವ ಕೊಲಾಜೆನ್ ಎಳೆಗಳನ್ನು ಹಾಳುಮಾಡುತ್ತದೆ. ಕಿಟಕಿ ಗಾಜು ಅದನ್ನು ಪೂರ್ತಿ ತಡೆಯದು. ಅಮೆರಿಕದಲ್ಲಿ 28 ವರ್ಷ ಟ್ರಕ್ ಓಡಿಸಿದವರೊಬ್ಬರ ಚಿತ್ರ 2012ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಕಿಟಕಿ ಕಡೆಯ ಎಡಗೆನ್ನೆ ಸುಕ್ಕುಗಟ್ಟಿ ಜೋತಿತ್ತು, ಬಲಗೆನ್ನೆ ಹಾಗಿರಲಿಲ್ಲ. ನಮ್ಮೂರ ಹೆದ್ದಾರಿಯ ಲಾರಿ ಚಾಲಕರಿಗೆ ಬಿಸಿಲು ಬೀಳುವುದು ಬಲಗಡೆ.

ನಮ್ಮ ಕಂದು ಮೈಬಣ್ಣ ಸಣ್ಣ ರಕ್ಷಣೆಯಲ್ಲ. ಚರ್ಮದಲ್ಲಿರುವ ಮೆಲನಿನ್ ಈ ಕಿರಣಗಳನ್ನು ಹೀರಿಕೊಳ್ಳುತ್ತದೆ. ಅದರಿಂದಲೇ ಬಿಳಿಯರಿಗೆ ಹೋಲಿಸಿದರೆ ನಮ್ಮಲ್ಲಿ ಚರ್ಮದ ಕ್ಯಾನ್ಸರ್ ತೀರ ಕಡಿಮೆ. ಆದರೆ ತೊನ್ನಿನ ಮಚ್ಚೆಗಳಲ್ಲಿ ಆ ರಕ್ಷಣೆ ಇಲ್ಲ, ಹುಟ್ಟಿನಿಂದಲೇ ಮೈ, ಕೂದಲು ಬೆಳ್ಳಗಿರುವ ಮಕ್ಕಳಿಗಂತೂ ಇಲ್ಲವೇ ಇಲ್ಲ. ಸನ್‌ಸ್ಕ್ರೀನ್ ಮೊದಲು ಸಿಗಬೇಕಾದ್ದು ಇವರಿಗೆ.

ಸನ್‌ಸ್ಕ್ರೀನ್ ಮಾಡುವುದೂ ಮೆಲನಿನ್‌ನ ಕೆಲಸವನ್ನೇ. ಅವೊಬೆಂಜೋನ್‌ನಂಥ ಅಣುಗಳು ಕಿರಣದ ಶಕ್ತಿಯನ್ನು ಹೀರಿ ಶಾಖವಾಗಿ ಬಿಟ್ಟುಕೊಡುತ್ತವೆ. ಜಿಂಕ್ ಆಕ್ಸೈಡ್ ಕನ್ನಡಿಯಂತೆ ಕಿರಣವನ್ನು ಹಿಂದಕ್ಕೆ ಎಸೆಯುತ್ತದೆ ಎಂದು ಹೇಳುವುದುಂಟು. ನಿಜವಾಗಿ ಅದೂ ಬಹುಪಾಲು ಹೀರುವುದೇ. ಎಸ್‌ಪಿಎಫ್ 30 ಎಂದರೆ ಯುವಿ-ಬಿಯ ಸುಮಾರು ಶೇ 97 ತಡೆ, 50 ಎಂದರೆ ಶೇ 98. ಹೆಚ್ಚು ದುಡ್ಡು ಕೊಟ್ಟು 50 ಕೊಂಡು ಚೂರೇ ಸವರಿಕೊಳ್ಳುವುದಕ್ಕಿಂತ 30ನ್ನು ಧಾರಾಳವಾಗಿ ಹಚ್ಚುವುದು ಮೇಲು. ಆ ಅಂಕಿ ಬಂದದ್ದೇ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ನಡೆಸಿದ ಪರೀಕ್ಷೆಯಿಂದ. ಮುಖ, ಕತ್ತಿಗೆ ಎರಡು ಬೆರಳುದ್ದ ಬೇಕು, ಬೆವರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಯುವಿ-ಎ ತಡೆ ಎಷ್ಟೆಂಬುದು ಟ್ಯೂಬಿನ ಮೇಲಿನ ‘ಪಿಎ’ ಮುಂದಿನ ಪ್ಲಸ್ ಗುರುತುಗಳಿಂದ ತಿಳಿಯುತ್ತದೆ.

ಕೂಲಿ ಮಾಡುವವರು ಇಷ್ಟು ಕ್ರೀಮು ದಿನವೂ ಕೊಳ್ಳಲಾರರು, ಕೊಳ್ಳಲೂ ಬೇಕಿಲ್ಲ. ಒತ್ತು ನೇಯ್ಗೆಯ ಗಾಢ ಬಣ್ಣದ ತುಂಬುತೋಳಿನ ಅಂಗಿ ಬೆವರಿಗೆ ಅಳಿಸಿಹೋಗದು. ತೆಳ್ಳನೆಯ ಬಿಳಿ ಬಟ್ಟೆ ಒದ್ದೆಯಾದರೆ ಅದರ ತಡೆ ಇನ್ನೂ ಕಡಿಮೆ. ಕುರಿ ಕಾಯುವವರ ಕರಿ ಕಂಬಳಿಯಂತೂ ಯಾವ ಕ್ರೀಮಿಗೂ ಸಾಟಿ, ಉಣ್ಣೆಯೇ ನೇರಳಾತೀತವನ್ನು ಚೆನ್ನಾಗಿ ಹೀರುತ್ತದೆ.

ಬಂಗು ಬಂದ ಹೆಂಗಸರ ವಿಷಯ ಬೇರೆ. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕಪ್ಪಾಗಿಸುವುದರಿಂದ ಐರನ್ ಆಕ್ಸೈಡ್ ಬೆರೆಸಿದ, ಮೈಬಣ್ಣದ ಸನ್‌ಸ್ಕ್ರೀನ್ ಅವರಿಗೆ ಒಳ್ಳೆಯದು. ಬಂಗಿಗೆಂದು ಡಾಕ್ಟರ ಚೀಟಿಯಿಲ್ಲದೆ ತಂದು ಹಚ್ಚುವ ಸ್ಟೀರಾಯ್ಡ್ ಬೆರೆತ ಕ್ರೀಮು ಮೊದಮೊದಲು ಮುಖ ಬೆಳ್ಳಗೆ ಮಾಡಿ, ಆಮೇಲೆ ಚರ್ಮವನ್ನೇ ತೆಳ್ಳಗಾಗಿಸುತ್ತದೆ, ಬಿಸಿಲು ತಡೆಯದಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದ್ದರೆ ತಟ್ಟನೆ ನಿಲ್ಲಿಸಬೇಡಿ, ಮುಖ ಕೆಂಪೇರಿ ಉರಿ ಹತ್ತುತ್ತದೆ. ಆ ಟ್ಯೂಬನ್ನೇ ಕೈಯಲ್ಲಿ ಹಿಡಿದುಕೊಂಡು ಚರ್ಮದ ಡಾಕ್ಟರ ಹತ್ತಿರ ಹೋಗಿ.