ಮೊಟ್ಟೆಯ ಚಿಪ್ಪು ತೆಳುವಾದರೆ ಕೋಳಿಯ ಮೂಳೆ ಸವೆಯುತ್ತಿದೆ



ಜೀವನ್ ಬಿಮಾ ನಗರದ ನಮ್ಮ ಸದಸ್ಯೆಯೊಬ್ಬರು ಸಂಘದ ಸಾಲದಲ್ಲಿ ಆರು ಗಿರಿರಾಜ ಕೋಳಿ ತಂದು ತಾರಸಿಯಲ್ಲಿ ಸಾಕಿದರು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಗಟ್ಟಿ ತಳಿ ಅದು. ಆದರೂ ಕೆಲವು ತಿಂಗಳಲ್ಲಿ ಮೊಟ್ಟೆಯ ಚಿಪ್ಪು ತೆಳುವಾಯ್ತು. ಒಂದು ದಿನ ಎರಡು ಕೋಳಿ ಎದ್ದು ನಿಲ್ಲಲೇ ಇಲ್ಲ. “ಯಾರದೋ ದೃಷ್ಟಿ ಬಿತ್ತು ಸಿಸ್ಟರ್” ಅಂದರು. ದೃಷ್ಟಿಯಲ್ಲ. ಅವು ದಿನವಿಡೀ ಇಕ್ಕಟ್ಟಾದ ಪಂಜರದಲ್ಲಿದ್ದವು, ತಿನ್ನುತ್ತಿದ್ದದ್ದು ಬರೀ ಅನ್ನ, ಅಕ್ಕಿ ನುಚ್ಚು.

ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ, ಅಂದರೆ ಸುಣ್ಣದಂಶ, ಬೇಕು. ಕೋಳಿಯ ಇಡೀ ಮೈಯಲ್ಲಿರುವುದೇ 20 ಗ್ರಾಂ ಆಸುಪಾಸು. ಆಹಾರದಲ್ಲಿ ಸಿಗದಿದ್ದರೆ ಅದು ತನ್ನ ಮೂಳೆಯಿಂದಲೇ ತೆಗೆದು ಚಿಪ್ಪು ಕಟ್ಟುತ್ತದೆ. ನಮ್ಮ ಉಳಿತಾಯದ ಪಾಸ್‌ಬುಕ್ ಇದ್ದಹಾಗೆ: ಕಟ್ಟದೆ ಬರೀ ತೆಗೆಯುತ್ತಿದ್ದರೆ ಎಷ್ಟು ದಿನ ಬಂದೀತು?

ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ. ಆದ್ದರಿಂದ ದಿನಾ ಮೊಟ್ಟೆ ಇಡುವ ಕೋಳಿ ದಿನಕ್ಕೆ ಸುಮಾರು 4 ಗ್ರಾಂ ಸುಣ್ಣದಂಶ ತಿನ್ನಬೇಕು. ಅಕ್ಕಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ರಾಗಿ ಒಳ್ಳೆಯದೇ, ಆದರೆ 100 ಗ್ರಾಂ ರಾಗಿಯಲ್ಲೂ ಅರ್ಧ ಗ್ರಾಂ ಸಿಗುವುದಿಲ್ಲ.

ಹಾಗಾದರೆ ಏನು ಮಾಡಬೇಕು?

1. ಮೊಟ್ಟೆ ಇಡುವ ಕೋಳಿಗೆ ಲೇಯರ್ ಫೀಡ್ ಕೊಡಿ. ಮರಿಗಳಿಗೆ ಇದು ಬೇಡ, ಅವುಗಳ ಮೂತ್ರಪಿಂಡ ಕೆಡುತ್ತದೆ.

2. ಕಪ್ಪೆಚಿಪ್ಪಿನ ನುಚ್ಚನ್ನು ಬೇರೆ ಬಟ್ಟಲಲ್ಲಿಡಿ. ಬೇಯಿಸಿದ ಮೊಟ್ಟೆಯ ಚಿಪ್ಪನ್ನು ಒಣಗಿಸಿ ಪುಡಿ ಮಾಡಿದರೂ ಆದೀತು. ಚಿಪ್ಪು ಗಟ್ಟಿಯಾಗುವುದು ಹೆಚ್ಚಾಗಿ ರಾತ್ರಿ ಹೊತ್ತು, ಆದ್ದರಿಂದ ಸಂಜೆ ತಪ್ಪಿಸಬೇಡಿ. ಎಲೆಗೆ ಹಚ್ಚುವ ಸುಣ್ಣ ಮಾತ್ರ ಬೇಡ, ಬಾಯಿ ಸುಡುತ್ತದೆ.

3. ದಿನಾ ಬಿಸಿಲಿಗೆ ಬಿಡಿ. ಬಿಸಿಲಿನಿಂದ ಮೈಯಲ್ಲಿ ಡಿ ಜೀವಸತ್ವ ಉಂಟಾಗುತ್ತದೆ. ಅದಿಲ್ಲದೆ ತಿಂದ ಸುಣ್ಣದಂಶ ಮೈಗೆ ಹತ್ತದು. ನೆರಳು, ನೀರು ಪಕ್ಕದಲ್ಲೇ ಇರಲಿ.

4. ಓಡಾಡಲು, ರೆಕ್ಕೆ ಬಡಿಯಲು ಜಾಗ ಕೊಡಿ. ಕೆಲಸ ಮಾಡಿದ ಮೂಳೆಯೇ ಗಟ್ಟಿ. ಕೂರಲು ಅಡ್ಡಕೋಲು ಕಟ್ಟಿ, ಆದರೆ ಎತ್ತರ ಬೇಡ. ಹಾರಿ ಇಳಿಯುವಾಗ ಎದೆಮೂಳೆ ಮುರಿಯುತ್ತದೆ.

ಕಾಲು ಬಿದ್ದ ಕೋಳಿಯನ್ನು ಪಶುವೈದ್ಯರಿಗೆ ತೋರಿಸಿ. ರಾಣಿಖೇತ್ ರೋಗದಲ್ಲೂ ಕಾಲು ಬೀಳಬಹುದು, ಚಿಪ್ಪು ಕೆಡಬಹುದು.

ನಮ್ಮ ಸದಸ್ಯೆ ವೈದ್ಯರ ಮಾತಿನಂತೆ ಕೋಳಿಗಳನ್ನು ಪಂಜರದಿಂದ ಬಿಟ್ಟು ಆಹಾರ ಬದಲಿಸಿದರು. ಬಿದ್ದ ಎರಡರಲ್ಲಿ ಒಂದು ಎದ್ದು ನಡೆಯಿತು. ಇನ್ನೊಂದರ ಮೂಳೆ ಆಗಲೇ ಮುರಿದಿತ್ತು, ಅದು ಉಳಿಯಲಿಲ್ಲ. ತೆಳು ಚಿಪ್ಪು ಕಂಡ ಮೊದಲ ದಿನವೇ ಎಚ್ಚೆತ್ತಿದ್ದರೆ ಎರಡೂ ಉಳಿಯುತ್ತಿದ್ದವೋ ಏನೋ. ಕೋಳಿ ಸಾಕುವವರು ಮುಂದಿನ ವಾರದ ಸಭೆಗೆ ಒಂದೊಂದು ಚಿಪ್ಪು ತನ್ನಿ, ಒಟ್ಟಿಗೆ ಕೂತು ನೋಡೋಣ.